ಹದಿನಾಲ್ಕನೇ ಕುಂಕುಮದ ಬೊಟ್ಟು

ಹರಿಹರದ ನಮ್ಮ ಫೌಂಡ್ರಿಯಲ್ಲಿ ಚಪ್ಪಲಿ ಬಿಟ್ಟು ಒಳಗೆ ಹೋಗಬೇಕಾದ ಜಾಗ ಎರಡಿದ್ದವು. ಒಂದು ಗೇಟಿನ ಪಕ್ಕದ ಬಸವಣ್ಣನ ಗುಡಿ, ಇನ್ನೊಂದು ನನ್ನ ಕಂಪ್ಯೂಟರ್ ರೂಮು. ಗುಡಿಯಲ್ಲಿ ಏಕೆ ಬಿಡಬೇಕೆಂದು ಎಲ್ಲರಿಗೂ ಗೊತ್ತಿತ್ತು. ಕಂಪ್ಯೂಟರ್ ರೂಮಿನಲ್ಲಿ ಏಕೆಂದು ಗೊತ್ತಿದ್ದವನು ನಾನೊಬ್ಬನೇ. ಎರಕದ ಮರಳಿನ ಕಪ್ಪು ಧೂಳು ಸರ್ವರಿನ ಫ್ಯಾನಿಗೆ ಹತ್ತಬಾರದು, ಅಷ್ಟೇ. ಉಳಿದವರು ಒಳಗಿರುವುದು ಏನೋ ಮಡಿಯ ವಸ್ತು ಎಂದುಕೊಂಡಿದ್ದರು. ನಾನೂ ತಿದ್ದಲು ಹೋಗಲಿಲ್ಲ. ಭಕ್ತಿಯಿದ್ದ ಕಡೆ ಶಿಸ್ತು ಪುಕ್ಕಟೆ ಸಿಗುತ್ತದೆ ಎಂದು ಆಗ ನನಗನ್ನಿಸಿತ್ತು.

1998ರ ಮಳೆಗಾಲದ ಹೊತ್ತಿಗೆ ಪುಣೆಯ ಗಿರಾಕಿಯಿಂದ ಒಂದು ಪತ್ರ ಬಂತು. ನಾವು ಅವರಿಗೆ ನೀರಿನ ಪಂಪುಗಳ ಎರಕದ ಹೊರಮೈ ಮಾಡಿ ಕಳಿಸುತ್ತಿದ್ದೆವು. ಕುಲುಮೆಯಿಂದ ಒಂದು ಸಲ ಸುರಿದ ಲೋಹಕ್ಕೆ ಫೌಂಡ್ರಿಯ ಭಾಷೆಯಲ್ಲಿ ಒಂದು ಹೀಟು ಎನ್ನುತ್ತಾರೆ. ಪ್ರತಿ ಹೀಟಿಗೂ ಒಂದು ನಂಬರು, ಅದರ ಜೊತೆಗೇ ಎರೆದ ಒಂದು ಪರೀಕ್ಷೆಯ ಸಲಾಕೆ. ಲ್ಯಾಬಿನಲ್ಲಿ ಆ ಸಲಾಕೆಯನ್ನು ಯಂತ್ರಕ್ಕೆ ಕಚ್ಚಿಸಿ ಮುರಿಯುವವರೆಗೆ ಎಳೆದು, ಎಷ್ಟು ಬಲ ತಡೆಯಿತು, ಎಷ್ಟು ಹಿಗ್ಗಿತು ಎಂದು ಟರ್ಮಿನಲ್ಲಿನಲ್ಲಿ ಬರೆಯುತ್ತಾರೆ. ಅಂಕಿ ಸರಿಯಿದ್ದರೆ ಸರ್ಟಿಫಿಕೇಟು ಅಚ್ಚಾಗಿ ಲಾರಿ ಹೊರಡುತ್ತದೆ. ಪುಣೆಯವರ ಪತ್ರದಲ್ಲಿದ್ದುದು ಇಷ್ಟು: ಪರೀಕ್ಷೆಯ ದಾಖಲೆ ಕಂಪ್ಯೂಟರಿನಲ್ಲಿ ಇರುವುದಾದರೆ ಯಾರು ಬರೆದರು, ಯಾರು ತಿದ್ದಿದರು, ತಿದ್ದುವ ಮೊದಲು ಏನಿತ್ತು ಎಂಬುದಕ್ಕೆ ಆಧಾರ ಬೇಕು, ವರ್ಷ ಮುಗಿಯುವುದರೊಳಗೆ ಬೆಂಗಳೂರಿನಲ್ಲಿರುವ ನಮ್ಮ ಆಡಿಟರ್ ಬಂದು ನೋಡುತ್ತಾರೆ.

ದೊಡ್ಡ ಸಾವ್ಕಾರರು ನನ್ನನ್ನು ಕರೆಸಿದರು. ಫೌಂಡ್ರಿ ಅಣ್ಣತಮ್ಮಂದಿರದು. ಅಣ್ಣ ಗಿರಾಕಿಗಳನ್ನು ನೋಡಿಕೊಳ್ಳುತ್ತಿದ್ದರು. ತಮ್ಮನನ್ನು ಎಲ್ಲರೂ ಸಣ್ಣ ಸಾವ್ಕಾರರು ಎನ್ನುತ್ತಿದ್ದರು, ಅವರದು ಉತ್ಪಾದನೆ.

“ಇದನ್ನ ಮಾಡಾಕೆ ಆಗ್ತೈತೇನ್ರಿ?” ಎಂದು ದೊಡ್ಡವರು ಪತ್ರ ಮುಂದೆ ತಳ್ಳಿದರು.

“ಆಗ್ತೈತ್ರಿ ಸಾವ್ಕಾರ್ರೆ,” ಎಂದೆ. ನನ್ನ ದನಿಯಲ್ಲಿದ್ದ ಉತ್ಸಾಹ ನೆನೆದರೆ ಈಗಲೂ ಮೈ ಉರಿಯುತ್ತದೆ.

ಆವರೆಗೆ ನಮ್ಮ ಯುನಿಕ್ಸ್ ಸರ್ವರಿಗೆ ಹತ್ತು ಟರ್ಮಿನಲ್ಲುಗಳಿದ್ದವು, ಎಲ್ಲರಿಗೂ ಸೇರಿ ಒಂದೇ ಹೆಸರು, ಒಂದೇ ಪಾಸ್‌ವರ್ಡು. ಆ ಪಾಸ್‌ವರ್ಡು ಸಾವ್ಕಾರರ ಮನೆದೇವರ ಹೆಸರು. ಗೇಟಿನ ವಾಚ್‌ಮನ್ನಿನಿಂದ ಹಿಡಿದು ಟೀ ತರುವವನವರೆಗೆ ಎಲ್ಲರಿಗೂ ಬಾಯಿಪಾಠ. ಮೊದಲು ಅದನ್ನು ಕಿತ್ತುಹಾಕಿದೆ. ಹದಿನಾಲ್ಕು ಜನರಿಗೆ ಹದಿನಾಲ್ಕು ಹೆಸರು ಮಾಡಿದೆ. ಅವರವರ ಕೆಲಸಕ್ಕೆ ಬೇಕಾದ ಕಡತ ಬಿಟ್ಟು ಉಳಿದವು ತೆರೆಯದಂತೆ ಮಾಡಿದೆ. ಆಮೇಲೆ ಲಾಗ್ ಬರೆಯುವ ಪ್ರೋಗ್ರಾಮು. ಯಾರಾದರೂ ಒಂದು ಅಂಕಿ ಮುಟ್ಟಿದರೆ ಹಳೆಯ ಅಂಕಿ, ಹೊಸ ಅಂಕಿ, ಮುಟ್ಟಿದವರ ಹೆಸರು, ತಾರೀಖು, ಗಂಟೆ, ನಿಮಿಷ ಎಲ್ಲ ಬೇರೊಂದು ಕಡತಕ್ಕೆ ಹೋಗಿ ಕೂರುತ್ತಿತ್ತು. ಆ ಕಡತವನ್ನು ನನ್ನ ಹೊರತು ಯಾರೂ ತೆರೆಯುವಂತಿರಲಿಲ್ಲ. ಎರಡು ತಿಂಗಳು ಕೂತು ಬರೆದೆ. ದಾವಣಗೆರೆಯ ಕೆ.ಬಿ. ಬಡಾವಣೆಯ ಮನೆಯಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ಹರಿಹರ ಮುಟ್ಟುವವರೆಗೂ ತಲೆಯಲ್ಲಿ ಅದೇ. ಕಂಡಕ್ಟರ್ ಚಿಲ್ಲರೆ ಕೊಟ್ಟನೋ ಇಲ್ಲವೋ ನೋಡುತ್ತಿರಲಿಲ್ಲ.

ಪ್ರೋಗ್ರಾಮು ಬರೆಯುವುದು ಸುಲಭವಿತ್ತು. ಜನರನ್ನು ಬಗ್ಗಿಸುವುದೇ ಕಷ್ಟ. ಮೊದಲನೇ ವಾರದಲ್ಲೇ ಡಿಸ್‌ಪ್ಯಾಚಿನವನು ತನ್ನ ಪಾಸ್‌ವರ್ಡನ್ನು ಟರ್ಮಿನಲ್ಲಿನ ಹಣೆಗೆ ಚೀಟಿ ಅಂಟಿಸಿ ಬರೆದಿದ್ದ. ಹರಿದು ಬಿಸಾಕಿದೆ. ಮರುದಿನ ಗೋಡೆಯ ಮೇಲೆ ಬರೆದ. ಸೂಪರ್‌ವೈಸರುಗಳಿಬ್ಬರು ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಕೂರುತ್ತಿದ್ದರು. ಕೇಳಿದರೆ, “ನಾವು ಬೀಗರಲ್ವೇನ್ರಿ, ನಮ್ಮ ನಮ್ಮೊಳಗೆ ಏನೈತೆ” ಎಂದು ನಕ್ಕರು. ಇದರ ನಡುವೆ ಒಂದು ದಿನ ಡಿಸ್ಕು ತುಂಬಿ ಸರ್ವರ್ ನಿಂತೇಬಿಟ್ಟಿತು. ಲಾರಿ ಗೇಟಿನಲ್ಲಿ, ಸರ್ಟಿಫಿಕೇಟು ಪ್ರಿಂಟರಿನ ಹೊಟ್ಟೆಯಲ್ಲಿ. ಸಣ್ಣ ಸಾವ್ಕಾರರು ಬಂದು, ಚಪ್ಪಲಿ ಬಿಡದೆಯೇ ಒಳಗೆ ನಿಂತು, ನನ್ನನ್ನೂ ನನ್ನ ಲಾಗನ್ನೂ ಸೇರಿಸಿ ಬೈದರು.

ಜಾಗ ತಿಂದಿದ್ದು ನನ್ನ ಲಾಗ್ ಅಲ್ಲ. ಯಾರು ಯಾವ ಟರ್ಮಿನಲ್ಲಿನಿಂದ ಒಳಗೆ ಬಂದರು ಎಂಬುದನ್ನು ಯುನಿಕ್ಸ್ ತಾನೇ ಬರೆದಿಡುವ ಕಡತ ಬೇರೆ ಇರುತ್ತದೆ. ವರ್ಷಗಳಿಂದ ಖಾಲಿ ಮಾಡದೆ ಅದು ಬೆಳೆದು ಕೂತಿತ್ತು. ಅಂದು ಅದನ್ನು ಖಾಲಿ ಮಾಡಿದೆ. ಇನ್ನು ಮುಂದೆ ಪ್ರತಿ ತಿಂಗಳ ಒಂದನೇ ತಾರೀಖು ತಾನಾಗಿಯೇ ಖಾಲಿಯಾಗುವಂತೆ ಎರಡು ಸಾಲು ಬರೆದೆ. ಟರ್ಮಿನಲ್ಲಿನ ನಂಬರನ್ನು ನನ್ನ ಲಾಗಿಗೂ ಸೇರಿಸಬೇಕು ಎಂದು ಅದೇ ಹೊತ್ತಿಗೆ ಹೊಳೆಯಿತು. ಸಾಲು ಉದ್ದವಾಗಿ ಪ್ರಿಂಟರಿನ ಕಾಗದ ಮೀರುತ್ತಿತ್ತು. ಬಿಟ್ಟೆ. ಸೋಮಾರಿತನಕ್ಕೆ ಬೇರೆ ಹೆಸರು ಹುಡುಕುವುದಿಲ್ಲ.

ಸೆಪ್ಟೆಂಬರಿನಲ್ಲಿ ಹದಿನಾಲ್ಕು ಜನರನ್ನೂ ಕೂರಿಸಿ ಪಾಠ ಮಾಡಿದೆ. “ಪಾಸ್‌ವರ್ಡ್ ಅಂದ್ರೆ ನಿಮ್ಮ ಸಹಿ ಇದ್ದಂಗೆ. ನಿಮ್ಮ ಹೆಸರಿನಾಗೆ ಆಗಿದ್ದು ನೀವೇ ಮಾಡಿದ್ದು. ಲಾಗ್ ಯಾವತ್ತೂ ಸುಳ್ಳು ಹೇಳಂಗಿಲ್ಲ,” ಎಂದೆ.

ಮುಂದಿನ ಸಾಲಿನಲ್ಲಿ ಲ್ಯಾಬಿನ ಕೆಮಿಸ್ಟ್ ಕೂತಿದ್ದರು. ಶಾಮನೂರಿನವರು, ರೈತರ ಮನೆಯವರು, ದಾವಣಗೆರೆಯಲ್ಲಿ ಬಿ.ಎಸ್ಸಿ. ಓದಿ ಐದು ವರ್ಷದಿಂದ ನಮ್ಮಲ್ಲಿದ್ದರು. ಇಡೀ ಫೌಂಡ್ರಿಯ ಶಾಪ್ ಫ್ಲೋರಿನಲ್ಲಿ ಓಡಾಡುತ್ತಿದ್ದ ಹೆಣ್ಣುಮಗಳು ಅವರೊಬ್ಬರೇ. ಎದ್ದು ನಿಂತು ಕೇಳಿದರು, “ಸರ್, ಬ್ಯಾರೇರು ನನ್ನ ಹೆಸರಿನಾಗೆ ಕೂತ್ರೆ?”

“ನೀವು ಹೇಳದೆ ಹೆಂಗೆ ಕೂರ್ತಾರ್ರಿ ಮೇಡಂ?”

ಅವರು ತಲೆಯಾಡಿಸಿ ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ನನ್ನ ಪಾಠವನ್ನು ಬರೆದುಕೊಂಡವರು ಅವರೊಬ್ಬರೇ.

ಅವರೊಬ್ಬರೇ ಪಾಲಿಸಿದ್ದು ಕೂಡ. ಒಂದು ದಿನ ನಾನು ಪ್ರೊಡಕ್ಷನ್ ಆಫೀಸಿನಲ್ಲಿ ಕೇಬಲ್ ಸರಿಮಾಡುತ್ತಿದ್ದಾಗ ಸಣ್ಣ ಸಾವ್ಕಾರರು ಅವರನ್ನು ಕರೆಸಿ, “ಮೇಡಂ, ನಿಮ್ದು ಪಾಸ್‌ವರ್ಡ್ ಹೇಳ್ರಿ ಅತ್ಲಾಗೆ. ಸರ್ಟಿಫಿಕೇಟು ಬೇಕಾದಾಗೆಲ್ಲ ನೀವು ಲ್ಯಾಬಿನಿಂದ ಇಲ್ಲಿಗೆ ಓಡಾಡೋದಾದ್ರೂ ತಪ್ತೈತೆ,” ಎಂದರು. ಅವರು ತಲೆ ತಗ್ಗಿಸಿಯೇ, “ಬ್ಯಾಡ್ರಿ ಸರ್. ನೀವು ಕರೆದಾಗ ನಾನೇ ಬಂದು ಒತ್ತಿಕೊಡ್ತೀನಿ,” ಎಂದರು. ಸಣ್ಣವರು ನನ್ನ ಕಡೆ ತಿರುಗಿ, “ಚೆನ್ನಾಗಿ ತಲಿ ತುಂಬೀರಿ ಬಿಡ್ರಿ,” ಎಂದರು. ನಾನು ಒಳಗೊಳಗೇ ಹಿಗ್ಗಿದೆ.

ಇನ್ನು ಲಕೋಟೆಯ ವಿಷಯ. ಯಾರಾದರೂ ಪಾಸ್‌ವರ್ಡ್ ಮರೆತರೆ, ನಾನೂ ಊರಲ್ಲಿಲ್ಲದಿದ್ದರೆ ಏನು ಗತಿ? ಅದಕ್ಕೆ ಒಂದು ಪದ್ಧತಿ ಮಾಡಿದೆ. ಪ್ರತಿಯೊಬ್ಬರೂ ತಮ್ಮ ಪಾಸ್‌ವರ್ಡನ್ನು ಸ್ವಂತ ಕೈಯಲ್ಲಿ ಚೀಟಿಯಲ್ಲಿ ಬರೆದು ಮಡಚಿ ಬಿಳಿ ಲಕೋಟೆಗೆ ಹಾಕಬೇಕು. ನಾನು ಗೋಂದು ಹಚ್ಚಿ, ಅಂಟಿದ ಜಾಗದ ಮೇಲೆ ಆಫೀಸಿನ ರಬ್ಬರ್ ಸೀಲು ಒತ್ತಿ, ಮೇಲೆ ಟೈಪ್ ಮಾಡಿದ ಹೆಸರು ಅಂಟಿಸುವುದು. ಹದಿನಾಲ್ಕೂ ಲಕೋಟೆ ಕಂಪ್ಯೂಟರ್ ರೂಮಿನ ಸ್ಟೀಲ್ ಬೀರುವಿನಲ್ಲಿ. ಬೀರುವಿಗೆ ಎರಡು ಕೀಲಿಕೈ. ಒಂದು ನನ್ನ ಹತ್ತಿರ, ಇನ್ನೊಂದು ತುರ್ತಿಗೆಂದು ಸಣ್ಣ ಸಾವ್ಕಾರರ ಹತ್ತಿರ. ಲಕೋಟೆ ಒಡೆದರೆ ರಿಜಿಸ್ಟರಿನಲ್ಲಿ ಬರೆಯಬೇಕು. ಅಂಟಿದ ಜಾಗದ ಮೇಲೆ ಸೀಲಿನ ಜೊತೆಗೆ ಸಹಿಯನ್ನೂ ಹಾಕಿಸಬೇಕಿತ್ತು. ಸೀಲು ಆಫೀಸಿನ ಮೇಜಿನ ಮೇಲೆ ಯಾರ ಕೈಗೂ ಸಿಗುವಂತೆ ಬಿದ್ದಿರುತ್ತದೆ ಎಂಬುದು ನನಗೆ ತಿಳಿಯದ್ದೇನಲ್ಲ.

ಅಷ್ಟರಲ್ಲಿ ಆಯುಧಪೂಜೆ ಬಂತು. ನಮ್ಮಲ್ಲಿ ಪೂಜೆಯ ಉಸ್ತುವಾರಿ ಸ್ಟೋರ್ ಕೀಪರಿನದು. ಅರವತ್ತರ ಹತ್ತಿರದ ಮನುಷ್ಯ, ಹಣೆಯಲ್ಲಿ ದಿನವೂ ಮೂರೆಳೆ ವಿಭೂತಿ. ಹಿಂದೆ ಲೇತಿನಲ್ಲಿ ಬಲಗೈಯ ಉಂಗುರ ಬೆರಳಿನ ತುದಿ ಹೋಗಿತ್ತು, ಹಾಗಾಗಿ ಕುಂಕುಮವನ್ನು ಹೆಬ್ಬೆರಳಿನಲ್ಲೇ ಹಚ್ಚುತ್ತಿದ್ದರು. ಅವರ ಬೊಟ್ಟು ಎಂದರೆ ದೊಡ್ಡ ನಾಣ್ಯದಷ್ಟು. ಕುಲುಮೆ, ಲೇತು, ಲಾರಿ, ಪರೀಕ್ಷೆಯ ಯಂತ್ರ ಎಲ್ಲ ಮುಗಿಸಿ ತಟ್ಟೆ ಹಿಡಿದು ನನ್ನ ರೂಮಿಗೆ ಬಂದರು. ಸರ್ವರಿಗೆ ಚೆಂಡು ಹೂವಿನ ಹಾರ ಹಾಕಿದರು. ವಿಭೂತಿ ಟೇಪ್ ಡ್ರೈವಿನ ಬಾಯಿಗೆ ಬೀಳದಂತೆ ನಾನು ಕೈ ಅಡ್ಡ ಹಿಡಿದಿದ್ದೆ. ಬೀರು ತೆರೆದಿತ್ತು.

“ಇವೇನ್ರಿ ಸರ್?”

“ಪಾಸ್‌ವರ್ಡ್ ಇಟ್ಟಿರೋ ಕವರ್ ಕಣ್ರಿ. ಅವನ್ನ ಮುಟ್ಟಬ್ಯಾಡ್ರಿ, ಅವು ದಾಖಲೆ.”

“ಅಂದ್ರೆ ಬೀಗದ ಕೈ ಇದ್ದಂಗೆ ತಾನೇ? ಬೀಗದ ಕೈಗೆ ಪೂಜೆ ತಪ್ಪಿಸ್ತೀವೇನ್ರಿ ನಾವು?” ಎಂದು ಹದಿನಾಲ್ಕನ್ನೂ ಸರ್ವರಿನ ಮುಂದೆ ಸಾಲಾಗಿ ಇಟ್ಟು, ನೀರಲ್ಲಿ ಕಲಸಿದ ಕುಂಕುಮವನ್ನು ಎಣಿಸುತ್ತಾ ಒಂದೊಂದಕ್ಕೂ ಹಚ್ಚಿದರು. ಒಣಗುವ ಮೊದಲೇ ಒಂದರ ಮೇಲೊಂದು ಜೋಡಿಸಿ ಬೀರುವಿಗೆ ಇಟ್ಟರು. ನನಗೆ ಸಿಟ್ಟು ಬಂತು. ಬೆಂಗಳೂರಿನ ಆಡಿಟರಿಗೆ ಇದನ್ನು ಏನೆಂದು ಹೇಳಲಿ? ಆದರೆ ಅಷ್ಟರಲ್ಲಿ ಬಾಗಿಲಲ್ಲಿ ಬೂದುಗುಂಬಳ ಒಡೆದರು, ಮಂಡಕ್ಕಿ ಮೆಣಸಿನಕಾಯಿ ಬಂತು, ಸಿಟ್ಟು ಅಲ್ಲಿಗೇ ಮುಗಿಯಿತು.

ನವೆಂಬರ್ ಕೊನೆಗೆ ಪುಣೆಯಿಂದ ಫ್ಯಾಕ್ಸು ಬಂತು. ಒಂದು ಹೀಟಿನ ಪಂಪುಗಳು ಸೀಳು ಬಿಟ್ಟಿವೆ. ಅವರು ತಾವೇ ಪರೀಕ್ಷೆ ಮಾಡಿದ್ದಾರೆ, ಲೋಹ ಹಿಗ್ಗುವುದೇ ಇಲ್ಲ, ಗಾಜಿನಂತೆ ಮುರಿಯುತ್ತದೆ. ನಮ್ಮ ಸರ್ಟಿಫಿಕೇಟಿನಲ್ಲಿ ಮಾತ್ರ ಪಾಸು. ಲಾಗ್ ತೆಗೆದು ನೋಡಿದೆ. ಅಕ್ಟೋಬರಿನಲ್ಲಿ, ಪೂಜೆಯಾಗಿ ಎರಡು ವಾರಕ್ಕೆ, ಕೆಮಿಸ್ಟ್ ಆ ಹೀಟನ್ನು ನಪಾಸು ಎಂದೇ ಬರೆದಿದ್ದರು. ಮೂರು ದಿನ ಬಿಟ್ಟು ಬೆಳಿಗ್ಗೆ ಹನ್ನೊಂದೂ ನಲವತ್ತಕ್ಕೆ ಹಿಗ್ಗಿನ ಅಂಕಿ ಬದಲಾಗಿ ಪಾಸಾಗಿತ್ತು. ತಿದ್ದಿದವರ ಹೆಸರಿನ ಜಾಗದಲ್ಲೂ ಅವರದೇ ಹೆಸರು.

ನಿಜ ಹೇಳಬೇಕು. ಆ ಸಾಲು ಪ್ರಿಂಟರಿನಿಂದ ಹೊರಬಂದಾಗ ಮೊದಲು ಆದದ್ದು ಖುಷಿ. ನನ್ನ ಲಾಗ್ ಕೆಲಸ ಮಾಡಿತ್ತಲ್ಲ! ಹೆಸರು ಯಾರದೆಂದು ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಯಾವ ಟರ್ಮಿನಲ್ಲಿನಿಂದ ಎಂದು ನೋಡಲು ಇನ್ನೊಂದು ಕಡತ ತೆರೆದೆ. ಅಕ್ಟೋಬರಿನದು ಇರಲಿಲ್ಲ. ನವೆಂಬರ್ ಒಂದಕ್ಕೆ ನಾನು ಬರೆದ ಎರಡು ಸಾಲು ಅದನ್ನು ಚೊಕ್ಕಟವಾಗಿ ಗುಡಿಸಿ ಹಾಕಿತ್ತು. ಬ್ಯಾಕಪ್ ಟೇಪಿಗೆ ನಾನು ತುಂಬುತ್ತಿದ್ದುದು ಪರೀಕ್ಷೆಯ ದಾಖಲೆ ಮತ್ತು ನನ್ನ ಲಾಗ್ ಮಾತ್ರ.

ಪುಣೆಯವರು ಫೋನಿನಲ್ಲಿ ದೊಡ್ಡ ಸಾವ್ಕಾರರಿಗೆ ಹೇಳಿದ್ದು ಬಹಳ ಸರಳ. ನಿಮ್ಮ ವ್ಯವಸ್ಥೆಯಲ್ಲಿ ಯಾರು ಯಾರ ಹೆಸರಿನಲ್ಲಾದರೂ ತಿದ್ದಬಹುದು ಎಂದಾದರೆ ನಿಮ್ಮ ಯಾವ ಸರ್ಟಿಫಿಕೇಟನ್ನೂ ನಂಬುವಂತಿಲ್ಲ, ಇನ್ನು ಮುಂದೆ ನಿಮ್ಮಲ್ಲಿ ಮಾಲು ಕೊಳ್ಳುವುದಿಲ್ಲ. ವ್ಯವಸ್ಥೆ ಗಟ್ಟಿಯಿದ್ದು ಒಬ್ಬ ವ್ಯಕ್ತಿ ತಪ್ಪು ಮಾಡಿದ್ದಾದರೆ ಆ ವ್ಯಕ್ತಿಯನ್ನು ತೆಗೆಯಿರಿ, ಮುಂದುವರಿಯೋಣ. ಎರಡರಲ್ಲಿ ಯಾವುದೆಂದು ಆಡಿಟರ್ ಬಂದು ನಿರ್ಧರಿಸುತ್ತಾರೆ.

ಆಡಿಟರ್ ಬರುವುದಕ್ಕೆ ಎರಡು ದಿನ ಮೊದಲು ಬೀರು ಓರಣ ಮಾಡಲು ಕೂತೆ. ಲಕೋಟೆಗಳನ್ನು ಮೇಜಿನ ಮೇಲೆ ಹರವಿದೆ. ಹದಿಮೂರರ ಮೇಲೆ ಕೆಂಪು ಬೊಟ್ಟು. ಒಂದು ಮಾತ್ರ ಬೆಳ್ಳಗಿತ್ತು. ಅದರ ಮೇಲೆ ಕೆಮಿಸ್ಟ್ ಮೇಡಂ ಹೆಸರು.

ಸ್ಟೋರ್ ಕೀಪರ್ ಒಂದನ್ನು ಮರೆತಿರಬೇಕು ಎಂದುಕೊಂಡು ಅವರನ್ನೇ ಕರೆಸಿದೆ. ಅವರು ಕನ್ನಡಕ ಹಾಕಿಕೊಂಡು ನೋಡಿದರು.

“ಎಣಿಸಿ ಹಚ್ಚೀನ್ರಿ ಸರ್. ಪೂಜೆಗೆ ಇಟ್ಟಿದ್ರಾಗೆ ಒಂದು ಬಿಟ್ರೂ ನನಗೆ ಊಟ ಸೇರಂಗಿಲ್ಲ,” ಎಂದರು. ಆಮೇಲೆ ಪಕ್ಕದ ಲಕೋಟೆ ಎತ್ತಿ ಹಿಂದುಮುಂದು ಮಾಡಿದರು. “ಇಲ್ನೋಡ್ರಿ.”

ಒದ್ದೆಯಿದ್ದಾಗಲೇ ಜೋಡಿಸಿದ್ದರಿಂದ ಪ್ರತಿ ಲಕೋಟೆಯ ಬೆನ್ನಿಗೂ ಅದರ ಕೆಳಗಿದ್ದದ್ದರ ಬೊಟ್ಟು ಮಸುಕಾಗಿ ಅಂಟಿತ್ತು. ಕೆಮಿಸ್ಟರ ಲಕೋಟೆಯ ಮೇಲೆ ಕೂತಿದ್ದ ಲಕೋಟೆಯ ಬೆನ್ನಿನಲ್ಲೂ ಕೆಂಪು ಕಲೆಯಿತ್ತು. ಅಂದರೆ ಕೆಳಗಿದ್ದ ಅವರ ಲಕೋಟೆಗೂ ಆ ದಿನ ಬೊಟ್ಟಿತ್ತು. ಈಗಿರುವುದು ಆ ಲಕೋಟೆಯಲ್ಲ. ಯಾರೋ ಒಡೆದು, ಚೀಟಿ ಓದಿ, ಅದೇ ಚೀಟಿಯನ್ನು ಹೊಸ ಲಕೋಟೆಗೆ ಹಾಕಿ, ಸೀಲು ಒತ್ತಿ, ಹೆಸರು ಟೈಪ್ ಮಾಡಿ ಇಟ್ಟಿದ್ದಾರೆ. ರಿಜಿಸ್ಟರಿನಲ್ಲಿ ಏನೂ ಬರೆದಿಲ್ಲ. ಬೀರುವಿಗೆ ಇರುವುದು ಎರಡೇ ಕೀಲಿಕೈ.

ಸ್ಟೋರ್ ಕೀಪರ್ ನನ್ನ ಮುಖ ನೋಡಿದರು. “ಬೇಲಿನೇ ಎದ್ದು ಹೊಲ ಮೇದ್ರೆ ಯಾರಿಗೆ ಹೇಳಾಣ್ರಿ,” ಎಂದು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡು ಹೊರಟರು.

ನನಗೆ ಆಗಲೇ ಇನ್ನೊಂದು ವಿಷಯ ಹೊಳೆಯಿತು. ಬೇರೆ ಹದಿಮೂರು ಜನರ ಪಾಸ್‌ವರ್ಡ್ ಬೇಕಿದ್ದರೆ ಲಕೋಟೆ ಒಡೆಯುವ ಅಗತ್ಯವೇ ಇರಲಿಲ್ಲ. ಕೇಳಿದ್ದರೆ ಹೇಳುತ್ತಿದ್ದರು, ಇಲ್ಲವೇ ಗೋಡೆಯ ಮೇಲೆ ಓದಿಕೊಳ್ಳಬಹುದಿತ್ತು. ನನ್ನ ಮಾತು ನಂಬಿ ಬಾಯಿ ಬಿಗಿಹಿಡಿದ ಒಬ್ಬರದನ್ನು ಮಾತ್ರ ಕದಿಯಬೇಕಾಯಿತು. ಕದಿಯಲೆಂದು ಅವರ ಕೈಬರಹದಲ್ಲೇ ಬರೆಸಿ, ಬೀರುವಿನಲ್ಲಿಟ್ಟು, ಕೀಲಿಕೈಯನ್ನೂ ಒದಗಿಸಿದವನು ನಾನು.

ಎರಡೂ ಲಕೋಟೆ ತೆಗೆದುಕೊಂಡು ದೊಡ್ಡ ಸಾವ್ಕಾರರ ಹತ್ತಿರ ಹೋದೆ. ಬಾಗಿಲು ಹಾಕಿ ಎಲ್ಲವನ್ನೂ ಬಿಡಿಸಿ ಹೇಳಿದೆ. ಅವರು ಲಕೋಟೆಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು. ತಮ್ಮನ ಹೆಸರು ನಾನೂ ಎತ್ತಲಿಲ್ಲ, ಅವರೂ ಎತ್ತಲಿಲ್ಲ.

“ಇದು ಇನ್ಯಾರಿಗೆ ಗೊತ್ತೈತ್ರಿ?”

“ಸ್ಟೋರ್ ಕೀಪರಿಗೆ.”

“ಅವನು ಮಾತಾಡಂಗಿಲ್ಲ ಬಿಡ್ರಿ.” ಲಕೋಟೆಗಳನ್ನು ಮೇಜಿನ ಮೇಲಿಟ್ಟರು. “ಇದನ್ನ ಆಡಿಟರಿಗೆ ತೋರಿಸಿದ್ರೆ ಏನಾಗ್ತೈತೆ?”

“ವ್ಯವಸ್ಥೆ ಸರಿಯಿಲ್ಲ ಅಂತ ಬರೀತಾರ್ರಿ. ಆದ್ರೆ ಮೇಡಂ ಉಳೀತಾರೆ.”

“ಗಿರಾಕಿ ಹೋಗ್ತಾನೆ. ಗಿರಾಕಿ ಹೋದ್ರೆ ಕುಲುಮೆ ಆರ್ತೈತೆ. ಕುಲುಮೆ ಆರಿದ್ರೆ ಆ ಮೇಡಮ್ಮೂ ಉಳಿಯಂಗಿಲ್ಲ, ನೀವೂ ಉಳಿಯಂಗಿಲ್ಲ, ಉಳಿದ ಮಂದಿನೂ ಉಳಿಯಂಗಿಲ್ಲ. ನೀವೇ ಹೇಳ್ರಿ, ಹೆಂಗೆ ಮಾಡಾಣ?” ಲಕೋಟೆಗಳನ್ನು ನನ್ನ ಕಡೆ ಸರಿಸಿದರು. ದನಿ ಏರಲಿಲ್ಲ, ಗದರಲಿಲ್ಲ. “ಆ ಹುಡುಗಿಗೆ ಬ್ಯಾರೆ ಕಡೆ ನಾನೇ ಹೇಳಿ ಕೆಲಸ ಕೊಡಿಸ್ತೀನಿ. ನೀವು ಈ ಕವರಿಗೂ ಒಂದು ಬೊಟ್ಟು ಇಟ್ಬಿಡ್ರಿ.”

ಆಗುವುದಿಲ್ಲ ಎನ್ನಲು ಬಾಯಿ ತೆರೆದೆ. ಬಂದ ಮಾತು, “ನೋಡ್ತೀನ್ರಿ ಸಾವ್ಕಾರ್ರೆ.”

ಉಳಿದವರ ಹೊಟ್ಟೆಪಾಡು ನೋಡಿ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಅರ್ಧ ಸತ್ಯ ಕೂಡ ಅಲ್ಲ. ಆ ಬೆಳ್ಳನೆಯ ಲಕೋಟೆ ಆಡಿಟರಿನ ಮುಂದೆ ಹೋದರೆ ಮುಂದಿನ ಪ್ರಶ್ನೆಗಳೆಲ್ಲ ನನಗೇ ಬರುತ್ತಿದ್ದವು. ಸಹಿ ಏಕಿಲ್ಲ? ಟರ್ಮಿನಲ್ಲಿನ ನಂಬರ್ ಏಕಿಲ್ಲ? ಕಡತ ಖಾಲಿ ಮಾಡಿದವರು ಯಾರು? ನಾನು ಉಳಿಸಲು ಹೊರಟಿದ್ದು ಫೌಂಡ್ರಿಯನ್ನಲ್ಲ, ನಾನು ಕಟ್ಟಿದ್ದು ಗಟ್ಟಿಯಿದೆ ಎಂಬ ಹೆಸರನ್ನು.

ಮರುದಿನ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋದಾಗ, ಸರ್ವರಿನ ಮೇಲಿದ್ದ ದೇವರ ಫೋಟೋದ ಮುಂದಿನ ಭರಣಿಯಿಂದ ಕುಂಕುಮ ತೆಗೆದು ನನ್ನ ಕುಡಿಯುವ ನೀರಲ್ಲಿ ಕಲಸಿದೆ. ಉಂಗುರ ಬೆರಳು ಮುಂದೆ ಬಂತು. ತಡೆದೆ. ಅವರದು ಹೆಬ್ಬೆರಳಿನ ಬೊಟ್ಟು. ಹೆಬ್ಬೆರಳಿನಲ್ಲೇ ಹಚ್ಚಿದೆ. ಇದರ ಬೆನ್ನಿಗೂ ಕೆಳಗಿನದರ ಕಲೆ ಇರಬೇಕಲ್ಲ, ಅದನ್ನೂ ನೆನಪಿಟ್ಟು ಮೂಡಿಸಿದೆ. ಅಂಥ ಎಚ್ಚರವನ್ನು ಟರ್ಮಿನಲ್ಲಿನ ನಂಬರಿನ ವಿಷಯದಲ್ಲಿ ತೋರಿಸಿದ್ದರೆ ಇದು ಯಾವುದೂ ಬೇಕಿರಲಿಲ್ಲ. ಒಣಗಲು ಏಸಿಯ ಗಾಳಿಗೆ ಇಟ್ಟೆ. ಅಸಹ್ಯವಾಯಿತು, ಆದರೂ ಒಣಗುವವರೆಗೆ ಕಾದು ಬೀರುವಿಗೆ ಇಟ್ಟೆ.

ಆಡಿಟರ್ ಬಂದರು. ಬೆಂಗಳೂರಿನವರು, ಮಿತಭಾಷಿ, ಮೂರ್ಖರಂತೂ ಅಲ್ಲ. ಬ್ಯಾಕಪ್ ಟೇಪಿನಿಂದ ಒಂದು ಕಡತ ವಾಪಸ್ ತೆಗೆಸಿ ನೋಡಿದರು. ಸೂಪರ್‌ವೈಸರಿನ ಹೆಸರಿನಲ್ಲಿ ಕೂತು ಲ್ಯಾಬಿನ ದಾಖಲೆ ತೆರೆಯಲು ಯತ್ನಿಸಿದರು, ತೆರೆಯಲಿಲ್ಲ. ಲಾಗಿನ ಕಾಗದವನ್ನು ಸಾಲು ಸಾಲಾಗಿ ಓದಿ, “ಟರ್ಮಿನಲ್ ನಂಬರ್ ಇದ್ದಿದ್ರೆ ಚೆನ್ನಾಗಿತ್ತು,” ಎಂದು ಬರೆದುಕೊಂಡರು. ಕೊನೆಗೆ ಬೀರು ತೆಗೆಸಿದರು.

“ಏನಿದು, ಎಲ್ಲದಕ್ಕೂ ಕುಂಕುಮ ಇಟ್ಟಿದ್ದೀರಾ?”

ಆಯುಧಪೂಜೆಯ ವಿಷಯ ಹೇಳಿದೆ. ಅವರು ನಕ್ಕರು. ಆಮೇಲೆ ನಗು ನಿಲ್ಲಿಸಿ ಲಕೋಟೆಗಳನ್ನು ಒಂದೊಂದಾಗಿ ತಿರುವಿದರು. ಸ್ಟೋರ್ ಕೀಪರ್ ನನಗೆ ತೋರಿಸಿದ್ದು ಅವರಿಗೆ ತಾನಾಗಿಯೇ ಹೊಳೆಯಿತು: ಆಮೇಲೆ ಬದಲಾದ ಲಕೋಟೆಗೆ ಬೊಟ್ಟೂ ಕಲೆಯೂ ಇರುವುದಿಲ್ಲ.

“ಇದನ್ನು ಹಚ್ಚಿದವರನ್ನು ಕರೀರಿ.”

ಸ್ಟೋರ್ ಕೀಪರ್ ಬಂದು ನಿಂತರು. “ಪೂಜೆಯ ದಿನ ಎಲ್ಲಾ ಹದಿನಾಲ್ಕಕ್ಕೂ ನೀವೇ ಹಚ್ಚಿದ್ರಾ?” ಎಂದು ಆಡಿಟರ್ ಕೇಳಿದರು.

“ಹೌದ್ರಿ. ಹದಿನಾಲ್ಕಕ್ಕೂ ನಾನೇ ಹಚ್ಚೀನಿ.”

“ಆಮೇಲೆ ಮತ್ತೆ ಯಾವಾಗಾದ್ರೂ?”

“ಇಲ್ರಿ. ನಾನು ಹಚ್ಚಿದ್ದು ಅದೊಂದೇ ಸಲ.”

ಅವರು ಆಡಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಹೇಳುವಾಗ ಮೇಜಿನ ಮೇಲಿನ ಲಕೋಟೆಯನ್ನು ನೋಡಿದರು, ನನ್ನನ್ನು ನೋಡಲಿಲ್ಲ. ಆಡಿಟರ್ ತಮ್ಮ ವರದಿಯಲ್ಲಿ ಬರೆದದ್ದನ್ನು ನನಗೂ ಓದಿ ಹೇಳಿದರು: ಲಕೋಟೆಗಳು ಪೂಜೆಯ ದಿನದಿಂದ ಒಡೆದಿಲ್ಲ, ಬದಲಾಗಿಲ್ಲ, ಅದಕ್ಕೆ ಅವುಗಳ ಮೇಲಿನ ಗುರುತೇ ಸಾಕ್ಷಿ, ಆದ್ದರಿಂದ ದಾಖಲೆ ತಿದ್ದಲು ಆ ಬಳಕೆದಾರರಿಗೆ ಹೊರತು ಬೇರೆ ಯಾರಿಗೂ ಸಾಧ್ಯವಿರಲಿಲ್ಲ. ಲಾಗ್ ಮಾಡಲಾಗದ್ದನ್ನು ನನ್ನ ಹೆಬ್ಬೆರಳು ಮಾಡಿಕೊಟ್ಟಿತ್ತು.

ಕೆಮಿಸ್ಟರನ್ನು ಕರೆಸಿದರು. ಸಣ್ಣ ಸಾವ್ಕಾರರು ಗೋಡೆಯ ಕ್ಯಾಲೆಂಡರ್ ನೋಡುತ್ತಾ ಕೂತಿದ್ದರು.

“ನಪಾಸು ಅಂತ ಬರೆದವಳೂ ನಾನೇ, ಪಾಸ್ ಮಾಡಿದವಳೂ ನಾನೇ ಅಂದ್ರೆ ಅರ್ಥ ಐತೇನ್ರಿ ಸರ್?” ಎಂದರು ಅವರು.

“ತಿದ್ದಿ ಅಂತ ನಿಮಗೆ ಯಾರಾದ್ರೂ ಹೇಳಿದ್ರಾ?” ಆಡಿಟರ್ ಕೇಳಿದರು.

“ಇಲ್ರಿ. ಯಾರೂ ಹೇಳಿಲ್ಲ.”

“ಪಾಸ್‌ವರ್ಡ್ ಯಾರಿಗಾದ್ರೂ ಕೊಟ್ಟಿದ್ರಾ?”

“ಇಲ್ರಿ. ಯಾರಿಗೂ ಕೊಟ್ಟಿಲ್ಲ.”

ಒಂದು ಸುಳ್ಳು, ಒಂದೇ ಒಂದು, ‘ಹೌದು ಸರ್, ಎಲ್ಲರ ಹಾಗೆ ನಾನೂ ಕೊಟ್ಟಿದ್ದೆ’ ಎಂದಿದ್ದರೆ ಅವರು ಉಳಿದುಕೊಳ್ಳುತ್ತಿದ್ದರು. ಹೇಳಲಿಲ್ಲ. ಹಾಗೆ ಹೇಳಬಾರದೆಂದು ಕಲಿಸಿದವನು ಎದುರಿಗೇ ಕೂತಿದ್ದೆ.

ವಾರದೊಳಗೆ ಅವರಿಗೆ ಕಾಗದ ಕೊಟ್ಟರು. ಕೆಲಸ ಬಿಡುವವರ ಹೆಸರನ್ನು ಸರ್ವರಿನಿಂದ ತೆಗೆಯುವುದಕ್ಕೂ ನಾನೊಂದು ನಮೂನೆ ಮಾಡಿದ್ದೆ. ಅದಕ್ಕೆ ಸಹಿ ಹಾಕಲು ಅವರು ನನ್ನ ರೂಮಿಗೆ ಬಂದರು. ಬಾಗಿಲಲ್ಲಿ ಚಪ್ಪಲಿ ಬಿಟ್ಟರು. ಕೂಡ್ರಿ ಎಂದೆ, ಕೂರಲಿಲ್ಲ.

“ಸರ್, ನನ್ನ ಪಾಸ್‌ವರ್ಡ್ ನಿಮಗೆ ಗೊತ್ತಿತ್ತೇನ್ರಿ?”

“ಇಲ್ರಿ ಮೇಡಂ.”

“ಕವರ್ ಒಡೆದಿಲ್ವಂತೆ. ಲಾಗ್ ಸುಳ್ಳು ಹೇಳಂಗಿಲ್ಲ ಅಂತ ನೀವೇ ಹೇಳಿದ್ರಿ.” ಅವರ ಕಣ್ಣಲ್ಲಿ ನೀರಿರಲಿಲ್ಲ, ಗೊಂದಲವಿತ್ತು. “ಎರಡು ದಿನದಿಂದ ನನಗೇ ಅನುಮಾನ ಬಂದೈತ್ರಿ. ಆ ದಿನ ನಾನೇ ಎಲ್ಲೋ ಗ್ಯಾನ ತಪ್ಪಿ ಒತ್ತಿಬಿಟ್ನೇನೋ ಅಂತ. ಮನೆಯಾಗೆ ನಮ್ಮ ತಂದೆ ಕೇಳಿದ್ರೆ ಏನು ಹೇಳಬೇಕೋ ತಿಳೀವಲ್ದು. ನೀವು ಹೇಳ್ರಿ ಸರ್, ಹಂಗೆ ಆಗ್ತೈತೇನು?”

ಇಷ್ಟು ವರ್ಷವಾದರೂ ಆ ಪ್ರಶ್ನೆಯ ಮುಂದೆ ನಾನು ನಿಂತಿದ್ದೇನೆ. ಕೆಲಸ ಹೋದದ್ದು ಒಂದು ಕಡೆ, ತಾನು ಮಾಡಿಲ್ಲ ಎಂಬ ನಂಬಿಕೆಯನ್ನೂ ಅವರಿಂದ ಕಿತ್ತುಕೊಂಡಿದ್ದೆವು. ‘ನೀವಲ್ಲ’ ಎಂಬ ಒಂದು ಮಾತು ಸಾಕಿತ್ತು. ಆಡಿಟರ್ ಹೋಗಿಯಾಗಿತ್ತು, ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ನಾನು ನಮೂನೆಯ ಕೆಳಗಿನ ಗೆರೆ ತೋರಿಸಿ ಪೆನ್ನು ಕೊಟ್ಟೆ. ಅವರು ಸಹಿ ಹಾಕಿ, ತಾರೀಖನ್ನೂ ಬರೆದು, ಕ್ಯಾಪು ಮುಚ್ಚಿ ಪೆನ್ನು ವಾಪಸ್ ಕೊಟ್ಟರು.

ದೊಡ್ಡ ಸಾವ್ಕಾರರು ಕೊಡಿಸುತ್ತೇನೆ ಎಂದ ಕೆಲಸ ಸಿಗಲಿಲ್ಲ. ಎರಡು ಸಲ ನೆನಪು ಮಾಡಿದೆ. ಮೂರನೇ ಸಲ ಅವರು ನನ್ನನ್ನು ನೋಡಿದ ರೀತಿಗೆ ನಾಲ್ಕನೇ ಸಲ ಹೋಗಲಿಲ್ಲ. ಹರಿಹರ, ದಾವಣಗೆರೆಯ ಫೌಂಡ್ರಿಗಳಲ್ಲಿ ಸುದ್ದಿ ಲಾರಿಗಿಂತ ಮೊದಲು ತಲುಪುತ್ತದೆ. ರಿಪೋರ್ಟ್ ತಿದ್ದಿದ ಹುಡುಗಿ ಎಂದ ಮೇಲೆ ಯಾವ ಲ್ಯಾಬಿನವರೂ ಅವರನ್ನು ಸೇರಿಸಲಿಲ್ಲ. ಪುಣೆಯವರ ಮೆಚ್ಚುಗೆಯ ಪತ್ರ ಚೌಕಟ್ಟು ಹಾಕಿಸಿಕೊಂಡು ಆಫೀಸಿನ ಗೋಡೆಗೇರಿತು. ಅದರಲ್ಲಿ ನನ್ನ ಲಾಗಿನ ಬಗ್ಗೆ ಒಂದು ಸಾಲಿತ್ತು.

ನಾನು ಲಾಗಿಗೆ ಟರ್ಮಿನಲ್ಲಿನ ನಂಬರ್ ಸೇರಿಸಿದೆ. ಅಂಟಿದ ಜಾಗದ ಮೇಲೆ ಇಬ್ಬರ ಸಹಿ ಕಡ್ಡಾಯ ಮಾಡಿದೆ. ಎರಡನೇ ಕೀಲಿಕೈಯನ್ನು ವಾಪಸ್ ಕೇಳಿ ಪಡೆದೆ, ಸಣ್ಣ ಸಾವ್ಕಾರರು ಗೊಂಚಲಿನಿಂದ ಬಿಚ್ಚಿ ಕೊಟ್ಟರು. ಆಮೇಲೆ ಅಲ್ಲಿ ಯಾರೂ ಯಾರ ಹೆಸರಿನಲ್ಲೂ ಏನನ್ನೂ ತಿದ್ದಲು ಸಾಧ್ಯವಿರಲಿಲ್ಲ.

ಮುಂದಿನ ಆಯುಧಪೂಜೆ ಬಂತು. ಸ್ಟೋರ್ ಕೀಪರ್ ತಟ್ಟೆ ಹಿಡಿದು ಬಂದು ಸರ್ವರಿಗೆ ಹಾರ ಹಾಕಿದರು, ವಿಭೂತಿ ಎಳೆದರು. ನಾನೇ ಬೀರು ತೆರೆದು ಲಕೋಟೆಗಳನ್ನು ಮೇಜಿನ ಮೇಲಿಟ್ಟೆ. ಹೊಸ ಕೆಮಿಸ್ಟನದೂ ಸೇರಿ ಮತ್ತೆ ಹದಿನಾಲ್ಕು. ಅವರು ಲಕೋಟೆಗಳನ್ನು ಮುಟ್ಟಲಿಲ್ಲ. ಕಲಸಿದ ಕುಂಕುಮದ ಬಟ್ಟಲನ್ನು ತಟ್ಟೆಯಿಂದ ತೆಗೆದು ನನ್ನ ಮುಂದೆ ಇಟ್ಟರು.

“ಇವಕ್ಕೆ ನೀವೇ ಹಚ್ರಿ ಸರ್,” ಎಂದರು. “ನೀವು ಹಚ್ಚಿದ್ದೂ ನಾನು ಹಚ್ಚಿದ್ದೂ ಒಂದೇ ಥರ ಕಾಣ್ತೈತೆ.”

ಬಾಗಿಲ ಹೊರಗೆ ಮಂದಿ ಮಂಡಕ್ಕಿಗೆ ಕಾಯುತ್ತಿದ್ದರು. ನಾನು ಬಟ್ಟಲಿಗೆ ಹೆಬ್ಬೆರಳು ಅದ್ದಿ ಮೊದಲನೆಯ ಲಕೋಟೆ ಎತ್ತಿಕೊಂಡೆ. ಹದಿನಾಲ್ಕೂ ಮುಗಿಯುವವರೆಗೆ ಅವರು ಪಕ್ಕದಲ್ಲಿ ನಿಂತು ಎಣಿಸಿದರು.